ಆ ಐವತ್ತು ನಿಮಿಷ ಯಾರಪ್ಪನ ಸ್ವತ್ತೂ ಅಲ್ಲ

ಗುನ್ಸಾನ್ ಬಂದರಿನ ಹಳೇ ಮಾರುಕಟ್ಟೆಯಲ್ಲಿ ಎಳ್ಳೆಣ್ಣೆ ಗಾಣದ ಅಂಗಡಿಯೊಂದಿದೆ. ಅದರ ಮಹಡಿಯ ಮೇಲೆ ಮಾ ಗಿಲ್‌ಸುನ್‌ಳ ಕೋಣೆ. ಬಾಗಿಲಿಗೆ ‘ಆಪ್ತಸಮಾಲೋಚನೆ, ದೊಡ್ಡವರಿಗೆ ಮಾತ್ರ’ ಎಂಬ ಬೋರ್ಡು. ಮೊದಮೊದಲು ಮಾರುಕಟ್ಟೆಯವರು ಅದನ್ನು ದುಡ್ಡು ಕೊಟ್ಟು ಹರಟೆ ಹೊಡೆಯುವ ಜಾಗ ಎಂದು ಆಡಿಕೊಂಡರು. ಆಡಿಕೊಂಡವರಲ್ಲೇ ನಾಲ್ಕು ಜನ ಆಮೇಲೆ ಮೆಟ್ಟಿಲು ಹತ್ತಿ ಬಂದರು, ಅವಳನ್ನು ಟೀಚರಮ್ಮ ಎಂದು ಕರೆಯತೊಡಗಿದರು. ಯಾರು ಯಾರು ಅಂತ ಕೇಳಬೇಡಿ. ಗಿಲ್‌ಸುನ್ ಹೇಳುವವಳಲ್ಲ.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಬಸ್ ಕಂಡಕ್ಟರ್. ಆಗೆಲ್ಲ ಆ ಕೆಲಸ ಹುಡುಗಿಯರದೇ. ಚಿಲ್ಲರೆ ಬಚ್ಚಿಟ್ಟುಕೊಂಡಿದ್ದಾರೇನೋ ಎಂದು ಪಾಳಿ ಮುಗಿದ ಮೇಲೆ ಅವರ ಮೈ ತಡಕುತ್ತಿದ್ದರು. ಒಂದು ದಿನ ಗಿಲ್‌ಸುನ್ ತಡಕಲು ಬಂದ ಕೈಯನ್ನು ತಳ್ಳಿ, ಟೋಪಿ ತೆಗೆದು ಮೇಜಿನ ಮೇಲೆಸೆದು ನಡೆದುಬಿಟ್ಟಳು. ಮೀನು ಹೆಚ್ಚಿದಳು, ಮದುವೆಯಾದಳು, ಗಂಡನನ್ನು ಕಳೆದುಕೊಂಡಳು. ನಲವತ್ತನಾಲ್ಕಕ್ಕೆ ಕಾಲೇಜು ಸೇರಿದಾಗ ಓರಗಿತ್ತಿ, ‘ನಿಂಗೆ ತಲೆ ಕೆಟ್ಟಿದೆ’ ಅಂದಳು. ‘ಅದಕ್ಕೇ ಮನಶ್ಶಾಸ್ತ್ರ ಓದ್ತಿರೋದು’ ಅಂದಳು ಗಿಲ್‌ಸುನ್.

ಪಾಠ ಹೇಳಿದವರಲ್ಲಿ ಒಬ್ಬರು ಬಾಲ್ಯವನ್ನು ಕೆದಕು ಎಂದರು, ಇನ್ನೊಬ್ಬರು ಇವತ್ತಿನ ಯೋಚನೆಯನ್ನು ತಿದ್ದು ಎಂದರು, ಮತ್ತೊಬ್ಬರು ಮೈ ಏನು ಹೇಳುತ್ತದೆ ನೋಡು ಎಂದರು. ಇವಳು ಎಲ್ಲವನ್ನೂ ಕಲಿತು, ಬಂದವರಿಗೆ ಯಾವುದು ಹೊಂದುತ್ತದೋ ಅದನ್ನು ಬಳಸಿದಳು. ಇದೇನು ಕಲಸುಮೇಲೋಗರ ಎಂದು ಜೊತೆಯವರು ಮೂಗು ಮುರಿದರೆ, ‘ಮನುಷ್ಯನೇ ಕಲಸುಮೇಲೋಗರ, ನಾನೇನ್ ಮಾಡ್ಲಿ’ ಎನ್ನುತ್ತಿದ್ದಳು.

ಆ ಕಟ್ಟಡದ ಮಾಲೀಕ ಹಾ ಮನ್‌ಸಿಕ್, ದೊಡ್ಡ ಮನೆತನದ ಹಿರೀಮಗ, ಸತ್ತ ಹಿರಿಯರ ಎಡೆಯೆಲ್ಲ ಅವನ ಮನೆಯಲ್ಲೇ. ಅವನ ಹೆಂಡತಿ ಯೊನ್‌ಜಾಗೆ ಅರವತ್ತಮೂರು. ಅವಳ ಎದೆಯಲ್ಲಿ ಬೆಂಕಿಯ ಉಂಡೆ. ಮೂರು ಆಸ್ಪತ್ರೆ ತಿರುಗಿದರೂ ಏನೂ ಸಿಗಲಿಲ್ಲ. ನುಂಗಿದ ಸಿಟ್ಟಿನ ಕಾಯಿಲೆ ಅದು, ಆ ಊರಿನ ಹೆಂಗಸರಿಗೆ ನೆಗಡಿಯಷ್ಟು ಪರಿಚಯ. ಮಾಲೀಕನ ಹೆಂಡತಿಯನ್ನು ಒಳಗೆ ಕೂರಿಸಿಕೊಂಡರೆ ಎಡವಟ್ಟಾಗುತ್ತದೆ ಎಂದು ಗಿಲ್‌ಸುನ್‌ಗೆ ಗೊತ್ತಿತ್ತು. ಆದರೆ ಮೆಟ್ಟಿಲ ಮೇಲೆ ಕೂತು ಎದೆ ಗುದ್ದಿಕೊಳ್ಳುತ್ತಿದ್ದವಳನ್ನು ದಾಟಿಕೊಂಡು ಹೋಗಲು ಆಗಲಿಲ್ಲ. ಒಳಗೆ ಕರೆದಳು, ಪ್ರತಿ ಗುರುವಾರ ಐವತ್ತು ನಿಮಿಷ ಎಂದು ಗೊತ್ತುಮಾಡಿದಳು.

ಮೂರನೇ ಗುರುವಾರ ಖಾಲಿ ಕುರ್ಚಿಯೊಂದನ್ನು ಎದುರಿಗಿಟ್ಟು, ‘ನಿಮ್ಮ ಅತ್ತೆ ಇಲ್ಲಿ ಕೂತಿದ್ದಾರೆ ಅಂದ್ಕೊಳ್ಳಿ. ಏನು ಹೇಳ್ಬೇಕೋ ಹೇಳಿ’ ಅಂದಳು. ಅತ್ತೆ ಸತ್ತು ಹನ್ನೊಂದು ವರ್ಷ. ಯೊನ್‌ಜಾ ಎದ್ದು, ಸತ್ತವರಿಗೆ ಮಾಡುವ ಹಾಗೆ ಕುರ್ಚಿಗೆ ನೆಲ ಮುಟ್ಟಿ ಎರಡು ಸಲ ನಮಸ್ಕಾರ ಮಾಡಿದಳು.

‘ಟೀಚರಮ್ಮ, ಬರಿಗೈಲಿ ಹೇಗೆ ಮಾತಾಡ್ಸೋದು? ಒಂದು ಒಣಮೀನಾದ್ರೂ ಬೇಡ್ವಾ?’

ಮುಂದಿನ ವಾರ ಬುಟ್ಟಿ ಹೊತ್ತು ಬಂದಳು. ಮೀನು, ಅನ್ನ, ತುದಿ ಕತ್ತರಿಸಿದ ಪೇರ್ ಹಣ್ಣು, ಅಕ್ಕಿ ಹೆಂಡ. ಮೂವತ್ತೆಂಟು ವರ್ಷ ಸತ್ತವರಿಗೆ ಎಡೆ ಇಟ್ಟ ಕೈ, ಖಾಲಿ ಕುರ್ಚಿ ಕಂಡರೆ ಇನ್ನೇನು ಮಾಡೀತು. ಈ ಕುರ್ಚಿಯ ಪಾಠ ಬರೆದವರ ಊರಿನಲ್ಲಿ ಸತ್ತವರು ಊಟಕ್ಕೆ ಬರುವುದಿಲ್ಲವಲ್ಲ. ಗಿಲ್‌ಸುನ್‌ಗೆ ತಪ್ಪು ತನ್ನದೇ ಎಂದು ಹೊಳೆಯಿತು. ನಿಲ್ಲಿಸೋಣವೆಂದು ಬಾಯಿ ತೆರೆದವಳು ಬೇರೆಯೇ ಹೇಳಿದಳು.

‘ಬಡಿಸಿದ್ದಾಯ್ತಲ್ಲ. ಈಗ ನೀವೂ ಎದುರಿಗೆ ಕೂತು ಉಣ್ಣಿ.’

‘ನಾನಾ? ನಾವು ಉಣ್ಣೋದು ಅಡುಗೆಮನೇಲಿ, ಎಲ್ಲರದೂ ಆದ್ಮೇಲೆ.’

‘ಇಲ್ಲಿ ಅಡುಗೆಮನೆ ಇಲ್ಲ.’

ಯೊನ್‌ಜಾ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಕೂತಳು. ಮೀನಿನ ಹೊಟ್ಟೆಯ ಕಡೆಯ ಒಳ್ಳೇ ತುಂಡನ್ನು ತಾನೇ ತಿಂದು, ಕುರ್ಚಿಯ ಕಡೆ ನೋಡಿ ಮಾತು ಶುರುಮಾಡಿದಳು. ಏನು ಹೇಳಿದಳೆಂದು ನಾನಿಲ್ಲಿ ಬರೆಯುವುದಿಲ್ಲ. ಅವತ್ತು ರಾತ್ರಿ ಅವಳಿಗೆ ನಿದ್ದೆ ಬಂತು, ಅಷ್ಟು ಸಾಕು.

ಮಾರುಕಟ್ಟೆಗೆ ಕಣ್ಣು ನೂರು. ನಿನ್ನ ಹೆಂಡತಿ ಎಡೆ ಹೊತ್ತು ಮಹಡಿ ಹತ್ತುತ್ತಾಳೆ ಎಂದು ಯಾರೋ ಮನ್‌ಸಿಕ್‌ನ ಕಿವಿಗೆ ಹಾಕಿದರು. ಅವನು ಬಾಗಿಲು ತಟ್ಟದೆ ಒಳಗೆ ಬಂದ.

‘ನನ್ನ ಹೆಂಡ್ತಿ ಏನ್ ಹೇಳ್ತಾಳೆ ಇಲ್ಲಿ?’

‘ಅದು ನಿಮಗೆ ಹೇಳೋದಲ್ಲ ಯಜಮಾನ್ರೇ.’

‘ಈ ಕಟ್ಟಡ ನಂದು.’

‘ಕಟ್ಟಡ ನಿಮ್ದು. ಆ ಐವತ್ತು ನಿಮಿಷ ಯಾರಪ್ಪನ ಸ್ವತ್ತೂ ಅಲ್ಲ.’

‘ಹುಣ್ಣಿಮೆ ಹಬ್ಬದೊಳಗೆ ಹೇಳ್ಬೇಕು, ಇಲ್ಲ ಖಾಲಿ ಮಾಡ್ಬೇಕು. ನೋಡ್ಕೋ.’

ಅರವತ್ತೆರಡರ ಒಂಟಿ ಹೆಂಗಸಿಗೆ ಆ ಊರಿನಲ್ಲಿ ಇನ್ನೊಂದು ಕೋಣೆ ಸಿಗುವುದು ಅಷ್ಟು ಸುಲಭವಲ್ಲ. ಗಿಲ್‌ಸುನ್‌ಗೆ ಭಯವಾಯಿತು, ನಿಜ. ಗುರುವಾರ ಯೊನ್‌ಜಾಗೆ, ‘ನಿಮ್ಮ ಯಜಮಾನ್ರು ಬಂದು ಕೇಳಿದ್ರು, ನಾನು ಹೇಳಲಿಲ್ಲ’ ಎಂದಷ್ಟೇ ತಿಳಿಸಿದಳು. ಕೋಣೆಯ ವಿಷಯ ಎತ್ತಲಿಲ್ಲ, ಅವಳ ಹೊರೆಯೇ ಅವಳಿಗೆ ಸಾಕಾಗಿತ್ತು.

ಹಬ್ಬಕ್ಕೆ ಎರಡು ದಿನ ಇರುವಾಗ ಮನ್‌ಸಿಕ್ ಮತ್ತೆ ಬಂದ. ಈ ಸಲ ದನಿ ಇಳಿದಿತ್ತು.

‘ಒಂದೇ ಒಂದು ಹೇಳಿಬಿಡಿ ಟೀಚರಮ್ಮ. ನನ್ನ ಬಗ್ಗೆ ಏನಂದ್ಳು? ಅಷ್ಟು ಹೇಳಿದ್ರೆ ಸಾಯೋವರೆಗೂ ಇಲ್ಲೇ ಇರಿ.’

ಗಿಲ್‌ಸುನ್‌ಗೆ ಅವನ ಮೇಲೆ ಅಯ್ಯೋ ಅನ್ನಿಸಿತು. ಒಂದು ಮಾತು, ಅದೂ ಅವನಿಗೆ ಸಮಾಧಾನವಾಗುವಂಥದ್ದೇ, ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

‘ಅವರನ್ನೇ ಕೇಳಿ.’

‘ಕೇಳಿದ್ರೆ ಹೇಳ್ತಾಳಾ ಅವಳು?’

‘ಯಾವತ್ತಾದ್ರೂ ಕೇಳಿದ್ದೀರಾ?’

ಮನ್‌ಸಿಕ್ ಕಾಗದವೊಂದನ್ನು ಮೇಜಿನ ಮೇಲೆ ಕುಕ್ಕಿ ಹೊರಟುಹೋದ. ಕೋಣೆ ಖಾಲಿ ಮಾಡುವ ನೋಟೀಸು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ. ಮಾರುಕಟ್ಟೆಯ ಮನೆಮನೆಯಲ್ಲೂ ಹೆಂಗಸರು ಹಿರಿಯರ ಎಡೆಗೆ ತಿಂಡಿ ಕರಿಯುತ್ತಿದ್ದರು. ಗಿಲ್‌ಸುನ್ ಪುಸ್ತಕಗಳನ್ನು ಡಬ್ಬಕ್ಕೆ ತುಂಬುತ್ತಿದ್ದಾಗ ಯೊನ್‌ಜಾ ಬಾಗಿಲಲ್ಲಿ ನಿಂತಳು.

‘ಬೆಳಗ್ಗೆ ಕೇಳಿದ್ರು’ ಎಂದಳು. ‘ಮೂವತ್ತೆಂಟು ವರ್ಷದಲ್ಲಿ ಮೊದಲನೇ ಸಲ. ಏನೇ ಹೇಳ್ತೀಯ ಅಲ್ಲಿ, ಅಂತ.’

‘ನೀವೇನಂದ್ರಿ?’

‘ಕೂತ್ಕೊಳ್ಳಿ ಅಂದೆ. ಹೇಳಿದೆ, ಎಲ್ಲಾನೂ. ಎರಡು ಸಲ ಏಳೋಕೆ ನೋಡಿದ್ರು, ಕೂರಿಸ್ದೆ. ಕೊನೆಗೆ, ಇದಕ್ಕೆಲ್ಲ ಆ ಹೆಂಗಸೇ ಕಾರಣ, ಅವಳು ಖಾಲಿ ಮಾಡ್ಲೇಬೇಕು ಅಂದ್ರು. ಕೋಣೆ ವಿಷಯ ನಂಗೆ ಗೊತ್ತಾಗಿದ್ದೇ ಆಗ.’

ಗಿಲ್‌ಸುನ್ ಕೈಯಲ್ಲಿದ್ದ ಪುಸ್ತಕವನ್ನು ಡಬ್ಬಕ್ಕಿಟ್ಟಳು.

‘ಟೀಚರಮ್ಮ ಖಾಲಿ ಮಾಡ್ತಾರೆ ಬಿಡಿ, ಅಂದೆ. ನಾಳೆ ಎಡೆಗೆ ನಾನು ಒಲೆ ಹಚ್ಚಲ್ಲ. ನಿಮ್ಮ ಅಪ್ಪ, ನಿಮ್ಮ ಅಮ್ಮ, ನೀವೇ ಬೇಯ್ಸಿ ಬಡಿಸಿ ಅಂದು ಬಂದೆ.’

ಕೋಣೆ ಹೋಗಿತ್ತು, ಆದರೂ ಗಿಲ್‌ಸುನ್‌ಗೆ ಅಷ್ಟು ಸಂತೋಷ ಬಹಳ ವರ್ಷದಿಂದ ಆಗಿರಲಿಲ್ಲ. ಯೊನ್‌ಜಾ ಪುಸ್ತಕದ ಡಬ್ಬವೊಂದನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು.

‘ಗುರುವಾರ ಎಲ್ಲಿಗೆ ಬರ್ಲಿ?’

‘ಇನ್ನೂ ಜಾಗ ಸಿಕ್ಕಿಲ್ಲ.’

‘ಸಿಗೋವರೆಗೂ ಕಡಲ ದಂಡೆ ಇದೆಯಲ್ಲ. ಅದು ನನ್ನ ಗಂಡನ ಹೆಸರಲ್ಲಿಲ್ಲ’ ಎಂದು ಯೊನ್‌ಜಾ ಮೆಟ್ಟಿಲಿಳಿಯತೊಡಗಿದಳು.