ಅಂಗೈ ನೋಡುವ ಅಕ್ಕ

ಆಹಾರ ಸಂಶೋಧನಾ ಕೇಂದ್ರದಲ್ಲಿ ಆಕೆ ಎಲ್ಲರಿಗೂ ‘ಅಂಗೈ ಅಕ್ಕ’. ಬಂದವರ ಅಂಗೈಯನ್ನು ಬೆಳಕಿನ ಯಂತ್ರಕ್ಕೆ ಒತ್ತಿದರೆ ಸಾಕು, ಅವರು ಹಣ್ಣು ತರಕಾರಿ ಎಷ್ಟು ತಿನ್ನುತ್ತಾರೆಂಬ ಗುಟ್ಟನ್ನು ಚರ್ಮವೇ ಬಿಟ್ಟುಕೊಡುತ್ತದೆ. “ದಿನಾ ಕ್ಯಾರೆಟ್ ತಿಂತೀನಿ ಅಂದ್ರಲ್ಲಣ್ಣ, ಬರೀ ಕಣ್ಣಲ್ಲೇನಾ?” ಎಂದು ಕೆಣಕುತ್ತಾಳೆ. “ಕೈ ಹಿಡಿದಿದ್ದೀರಿ, ನನ್ನ ಮದುವೆ ಯಾವಾಗ ಅಂತಾನೂ ಹೇಳಿಬಿಡಿ ಅಕ್ಕ,” ಎಂದು ಅವರೂ ಬಿಡುವುದಿಲ್ಲ. ಆಕೆ ಗಂಡನಿಂದ ಬೇರೆಯಾದ ಮೇಲೆ ಪುಟ್ಟ ಮಗಳು ತನ್ನ ಅಪ್ಪನ ಮನೆಯಲ್ಲಿದ್ದಾಳೆ. ಶನಿವಾರ ಮಾತ್ರ ಇಲ್ಲಿಗೆ ಬರುತ್ತಾಳೆ. ಬಂದೊಡನೆ ಆ ಪುಟ್ಟ ಅಂಗೈಯೂ ಯಂತ್ರದ ಮೇಲೆ. ಯಂತ್ರ ತೋರಿಸುವ ಅಂಕಿ ಇಳಿದರೆ, ಅಲ್ಲಿ ಊಟ ಸರಿಯಿಲ್ಲವೆಂದು ‘ಮಗು ನನ್ನ ಹತ್ತಿರವೇ ಇರಲಿ’ ಎನ್ನಬಹುದು; ಅದು ಏರುತ್ತಲೇ ಇದೆ. “ಅಪ್ಪ ಈಗ ಸೊಪ್ಪೂ ಚೆನ್ನಾಗಿ ಬೇಯಿಸ್ತಾರಮ್ಮ.” “ಒಳ್ಳೇದಾಯ್ತು ಪುಟ್ಟಿ,” ಎನ್ನುತ್ತಾಳೆ, ಮನಸ್ಸಿನಿಂದಲೇ. ಯಂತ್ರದ ದೀಪ ಆರಿದ ಮೇಲೂ ಮಗಳ ಕೈ ಬಿಡದೆ, “ಇನ್ನೊಂದು ಸಲ ನೋಡೋಣ ಇರು,” ಎನ್ನುತ್ತಾಳೆ.