ಒಣಹುಲ್ಲಿನ ಜೊತೆಗೆ ಒಂದಿಷ್ಟು ಹಿಂಡಿ

ಅಮೆರಿಕದ ವುಡ್‌ರಿಡ್ಜ್‌ನ ನಮ್ಮ ಮನೆಯ ಗೃಹಪ್ರವೇಶಕ್ಕೆ ಕಂದು ಬಣ್ಣದ ಒಂದು ಹಸು ಬಂದಿತ್ತು. ನಲವತ್ತು ಮೈಲಿ ಆಚೆ ಹೊಲಮನೆ ಇರುವ ಎಪ್ಪತ್ತರ ಅಮೆರಿಕನ್ ಹೆಂಗಸು ಅದನ್ನು ಟ್ರೇಲರಿನಲ್ಲಿ ಕರೆತಂದಿದ್ದಳು. ಹಸು ಗರಾಜಿನಲ್ಲೇ ಸಗಣಿ ಹಾಕಿತು. ಪುರೋಹಿತರು ಶುಭ ಎಂದರು, ನನ್ನ ಮಗಳು "ಗ್ರೋಸ್!" ಎಂದಳು. ಅಂದಿನಿಂದ ಪ್ರತಿ ಶುಕ್ರವಾರ ಹೊಲಕ್ಕೆ ಹೋಗಿ ಆ ಹಸುವಿಗೆ ಒಂದು ಚಪಾತಿ, ಒಂದು ಬಾಳೆಹಣ್ಣು ತಿನ್ನಿಸಿ ಬರುವುದು ನನ್ನ ನೇಮವಾಯಿತು. ಈ ದೇಶದಲ್ಲಿ ಗೋಗ್ರಾಸ ಕೊಡುವುದಕ್ಕೊಂದು ಹಸು ಸಿಕ್ಕಿದ್ದೇ ದೇವರ ದಯೆ.

ಕಳೆದ ಚಳಿಗಾಲ ಹಸು ಗಬ್ಬವಾಗಿತ್ತು. ಏಪ್ರಿಲ್‌ನಲ್ಲಿ ಈಯಬೇಕು. ಆದರೆ ಜನವರಿ ಹೊತ್ತಿಗೆ ಪಕ್ಕೆಲುಬು ಎಣಿಸುವಷ್ಟು ಬಡಕಲಾಗಿತ್ತು. ಮುಂದೆ ಹುಲ್ಲಿನ ರಾಶಿಯೇ ಇತ್ತು. ಹಸು ಅದರಲ್ಲಿ ಮೂತಿಯಾಡಿಸಿ ಅರ್ಧ ಬಿಟ್ಟುಬಿಡುತ್ತಿತ್ತು.

"ಈ ವರ್ಷ ಹುಲ್ಲು ಕೊಯ್ಯೋದೇ ತಡವಾಯ್ತು, ಮೇಲೆ ಮಳೆ ಬೇರೆ ಬಿತ್ತು," ಎಂದಳು ಒಡತಿ. "ಹೀಗೇ ಇಳಿದರೆ ಕರು ಹಾಕೋ ಶಕ್ತಿ ಇವಳಿಗೆ ಇರಲ್ಲ."

ಬಡಕಲು ಬಸುರಿಯನ್ನು ಕಂಡರೆ ನಮ್ಮಂಥವರ ಕೈ ಸುಮ್ಮನಿರುತ್ತದೆಯೇ? ಅದೇ ವಾರ ಸಂಕ್ರಾಂತಿ. ಕನ್ನಡ ಕೂಟದ ಊಟದಲ್ಲಿ ಒಂದು ದೊಡ್ಡ ಟ್ರೇ ಸಿಹಿ ಪೊಂಗಲ್ ಉಳಿದಿತ್ತು. ಅಕ್ಕಿ, ಬೆಲ್ಲ, ಹಬ್ಬದ ಪ್ರಸಾದ ಬೇರೆ! ಒಡತಿ ಒಳಗಿದ್ದಾಗ ಇಡೀ ಟ್ರೇ ಹಸುವಿನ ಮುಂದಿಟ್ಟೆ. ನೆಕ್ಕಿ ಖಾಲಿ ಮಾಡಿತು.

ಮರುದಿನ ಫೋನು. ಹಸುವಿನ ಹೊಟ್ಟೆ ಉಬ್ಬಿದೆ, ಮೇವು ಮುಟ್ಟುತ್ತಿಲ್ಲ, ಡಾಕ್ಟರ್ ಬಂದಿದ್ದಾರೆ. ಪೊಂಗಲ್ ತಿನ್ನಿಸಿದ್ದನ್ನು ಆಗಲೇ ಒಪ್ಪಿಕೊಂಡೆ. ಎರಡು ದಿನ ದೇವರ ಮುಂದಿನಿಂದ ನಾನು ಏಳಲಿಲ್ಲ. ಹಸು ಉಳಿಯಿತು, ಗಬ್ಬವೂ ಉಳಿಯಿತು. ಒಡತಿ ಮಾತ್ರ ಖಡಾಖಂಡಿತವಾಗಿ ಹೇಳಿದಳು, "ಇನ್ನು ನಿನ್ನ ಅಡುಗೆಮನೆಯಿಂದ ಏನೂ ಬರಕೂಡದು."

ಆಗ ಧಾರವಾಡದ ಕಡೆಯ ನನ್ನ ಅತ್ತೆ ನಮ್ಮಲ್ಲಿಗೆ ಬಂದಿದ್ದರು. ಕ್ಷಮೆ ಕೇಳಲು ಹೊರಟ ನನ್ನ ಜೊತೆ ಎರಡು ಸ್ವೆಟರು ಹಾಕಿಕೊಂಡು ಅವರೂ ಬಂದರು. ಹಸುವನ್ನು ನೋಡುವ ಮೊದಲು ಹುಲ್ಲನ್ನು ಹಿಡಿದು ಮುರಿದರು, ಮೂಸಿದರು.

"ಇದ ಮೇವೇನವಾ? ಚಾಪಿ ಹೆಣಿಲಿಕ್ಕೆ ಬರ್ತದ! ಇದು ಹೊಟ್ಟಿ ತುಂಬಸ್ತದ, ಮೈ ತುಂಬಸಂಗಿಲ್ಲ. ಹಿಂಡಿ ಹಾಕಂತ ಹೇಳ ಅಕಿಗೆ. ನಾವು ಬ್ಯಾಸಗ್ಯಾಗ ಜ್ವಾಳದ ಒಣ ಕಣಿಕಿ ಜೋಡಿ ಶೇಂಗಾ ಹಿಂಡಿ ಹಾಕ್ತಿದ್ದಿವಿ. ನಿನ್ನಂಗ ಸಿಹಿ ಪೊಂಗಲ್ ತಿನಸ್ತಿದ್ದಿಲ್ಲ!"

ನಾನು ಮೈಸೂರಿನವಳು, ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತಿದ್ದ ಮನೆಯಿಂದ ಬಂದವಳು. ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಒಡತಿ ನಕ್ಕುಬಿಟ್ಟಳು. ಡಾಕ್ಟರು ಹೇಳಿದ್ದೂ ಅದೇ ಅಂತೆ. ಎಣ್ಣೆ ತೆಗೆದ ಸೋಯಾ ಹಿಂಡಿಯ ಚೀಲ ಆಗಲೇ ಬಂದಿತ್ತು. ಹಸುವಿನ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆಯಂತೆ, ಹುಲ್ಲನ್ನು ಅರಗಿಸುವುದು ಅವೇ. ಸತ್ವವಿಲ್ಲದ ಹುಲ್ಲಿನಿಂದ ಅವು ಉಪವಾಸ ಬೀಳುತ್ತವೆ. ಹಿಂಡಿಯ ಪ್ರೋಟೀನ್ ಸಿಕ್ಕರೆ ಅವು ಚುರುಕಾಗಿ, ಅದೇ ಒಣಹುಲ್ಲೂ ಮೈಗೆ ಹತ್ತುತ್ತದೆ. ದಿನಾ ಹಾಕಬೇಕೆಂದೂ ಇಲ್ಲ, ವಾರಕ್ಕೆ ಮೂರು ಸಲ ಸಾಕು.

"ನಾನು ಬಂದು ಹಾಕಲಾ? ನಿಮಗೆ ಮಂಡಿನೋವು, ಐಸ್ ಬೇರೆ," ಎಂದೆ.

ಅವಳು ನನ್ನನ್ನೇ ದಿಟ್ಟಿಸಿದಳು. "ಸಲಕ್ಕೆ ನಾಲ್ಕು ಪೌಂಡ್. ಒಂದು ಹಿಡಿ ಹೆಚ್ಚಿಲ್ಲ. ಪ್ರಾಮಿಸ್?"

"ಪ್ರಾಮಿಸ್."

ಸೂಟ್‌ಕೇಸ್ ತೂಗುವ ತಕ್ಕಡಿಗೆ ಬಕೆಟ್ ನೇತುಹಾಕಿ ತೂಗಿದೆ. ಸೋಮ, ಬುಧ, ಶುಕ್ರ. ಹಸು ಇನ್ನಷ್ಟು ಬೇಕೆಂದು ನನ್ನ ಕೋಟಿನ ತೋಳು ನೆಕ್ಕಿದರೂ ಮನಸ್ಸು ಗಟ್ಟಿ ಮಾಡಿಕೊಂಡೆ. ತಿನ್ನಿಸದೆ ಇರುವುದೂ ಒಂದು ಸೇವೆಯೆಂದು ಆಗ ತಿಳಿಯಿತು. ಒಂದು ದಿನವೂ ಕಾರು ಜಾರಲಿಲ್ಲ, ಅದಕ್ಕೂ ಒಂದು ನಮಸ್ಕಾರ. ಫೆಬ್ರವರಿ ಕೊನೆಗೆ ಹಸು ಬಿಡುತ್ತಿದ್ದ ಹುಲ್ಲು ತಳದವರೆಗೆ ಖಾಲಿಯಾಗತೊಡಗಿತು. ಮಾರ್ಚಿನಲ್ಲಿ ಪಕ್ಕೆ ಸವರಿದರೆ ಎಲುಬು ಕೈಗೆ ಸಿಗಲು ಕೊಂಚ ಒತ್ತಬೇಕಾಯಿತು.

ಏಪ್ರಿಲ್‌ನ ಒಂದು ಬೆಳಗ್ಗೆ ಒಡತಿಯ ಮೆಸೇಜ್ ಬಂತು, "ಬೇಗ ಬನ್ನಿ." ಅತ್ತೆಯನ್ನೂ ಕೂರಿಸಿಕೊಂಡು ಡ್ರೈವ್ ಮಾಡಿದೆ. ಹೋಗಿ ನೋಡಿದರೆ ಒದ್ದೆ ಕರುವೊಂದು ನಾಲ್ಕು ಕಾಲ ಮೇಲೆ ನಿಂತು ಕೆಚ್ಚಲು ಗುದ್ದುತ್ತಿತ್ತು.

"ತಾನೇ ಈದಳು. ಯಾರೂ ಎಳೀಬೇಕಾಗ್ಲಿಲ್ಲ," ಎಂದಳು ಒಡತಿ.

ನಾನು ಕೈ ಮುಗಿದು ಕಣ್ಣೊರೆಸಿಕೊಂಡೆ. ಅತ್ತೆಗೆ ಅದಕ್ಕೆಲ್ಲ ಪುರುಸೊತ್ತಿರಲಿಲ್ಲ. "ಅಳೂದ ಆಮ್ಯಾಲ. ಈಗ ಹಾಲು ಕುಡಸೂ ತಾಯಿ ಅದು, ಹಸಿ ಹುಲ್ಲು ಬರೂತನಕಾ ಹಿಂಡಿ ನಿಲ್ಲಸಬ್ಯಾಡ ಅಂತ ಹೇಳ ಅಕಿಗೆ."

ಹೇಳಿದೆ. ಒಡತಿ ಹೊಲದ ಕಡೆ ನೋಡಿ, "ಇನ್ನೂ ಮೂರು ವಾರ ಆಗಬಹುದು," ಎಂದಳು. ಅಂದು ಬುಧವಾರ. ನಾನು ಬಕೆಟ್ ಎತ್ತಿಕೊಂಡು ಚೀಲದ ಕಡೆ ನಡೆದೆ.