ಅಕ್ಕತಂಗಿಯರ ಅಮೆರಿಕನ್ ಕಪಾಟು

ಬೈಲಹೊಂಗಲದಲ್ಲಿ ನನ್ನದೊಂದು ಬಡಿಗತನದ ಅಂಗಡಿ ಇದೆ. ಹೊಸ ಬಾಗಿಲು, ಮಂಚಗಳಿಗಿಂತ ಹಳೆಯ ಸಾಮಾನುಗಳ ದುರಸ್ತಿಯೇ ನನಗೆ ಹೆಚ್ಚು ಇಷ್ಟ. ಹಾಗೆ ದುರಸ್ತಿಗೆಂದು ಹೋದಲ್ಲಿ ಒಮ್ಮೆ ತಪ್ಪು ಮಾಡಿದೆ. ಅದು ತಪ್ಪೆಂದು ತಿಳಿಯಲು ಮೂರು ವರ್ಷ ಬೇಕಾಯಿತು.

ಸವದತ್ತಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರ ಮನೆಯಲ್ಲಿ ಗಾಜಿನ ಬಾಗಿಲಿನ ಕಪಾಟು ಇತ್ತು. ಗಾಜುಗಳ ನಡುವೆ ಬೆರಳಿಗಿಂತ ತೆಳುವಾದ ಪಟ್ಟಿಗಳು ಕಮಾನಿನಂತೆ ಬಾಗಿ ಒಂದನ್ನೊಂದು ದಾಟಿದ್ದವು. ಅಂಚಿನುದ್ದಕ್ಕೂ ಕೆಂಪು ಮರದೊಳಗೆ ಬಿಳಿ ಮರದ ಎಳೆ ಕೂಡಿಸಿದ್ದರು. ಅಮೆರಿಕದ ಪಾದ್ರಿಯೊಬ್ಬರು ಊರು ಬಿಡುವಾಗ ಇವರ ಅಜ್ಜ ಕೊಂಡು ಕಿತ್ತೂರಿನ ಮನೆಗೆ ತಂದದ್ದಂತೆ. ಆ ಮನೆ ಕೆಡವಿದಾಗ ಇವರ ಪಾಲಿಗೆ ಬಂದಿತ್ತು. ತಳದಲ್ಲಿ ಎರಡು ಗೂಟ ಚಾಚಿಕೊಂಡಿದ್ದರಿಂದ ಕಟ್ಟೆಯ ಮೇಲೆ ಸಮನಾಗಿ ಕೂರುತ್ತಿರಲಿಲ್ಲ.

"ಬಡಿಗ್ಯಾರ, ಇವೆರಡು ಕೊಯ್ದು ಬಿಡ್ರಿ" ಎಂದರು.

ಯಾಕೆ ಇದ್ದಾವು ಎಂದು ಒಂದು ಗಳಿಗೆ ಯೋಚಿಸಿದೆ. ಆಮೇಲೆ ಗರಗಸ ತೆಗೆದುಕೊಂಡೆ.

ಹೋದ ವರ್ಷ ರಾಮದುರ್ಗದಿಂದ ಅವರ ತಂಗಿ ಫೋನು ಮಾಡಿದರು. ಅವರ ಮನೆಯಲ್ಲಿದ್ದ ನಾಲ್ಕು ಡ್ರಾವರಿನ ಪೆಟ್ಟಿಗೆಯಲ್ಲಿ ಒಂದು ಸಿಕ್ಕಿಕೊಂಡಿತ್ತು. ಹೋಗಿ ಡ್ರಾವರು ಬಿಡಿಸಿ, ಪಾಲಿಶಿಗೆಂದು ಮೇಲ್ಭಾಗದ ಜಿಡ್ಡು ಕೆರೆಯುವಾಗ ಎರಡು ಚೌಕ ತೂತು ಕಂಡವು. ಡ್ರಾವರುಗಳ ಸುತ್ತ ಅದೇ ಬಿಳಿ ಎಳೆ. ಟೇಪು ಹಿಡಿದು ಅಳೆದೆ, ಮೊಬೈಲಿನಲ್ಲಿದ್ದ ಸವದತ್ತಿಯ ಕಪಾಟಿನ ಫೋಟೊ ನೋಡಿದೆ. ನಾನು ಕೊಯ್ದ ಗೂಟಗಳ ಜಾಗವೇ ಅದು.

"ಅವ್ವಾರ, ಇದು ಪೂರಾ ಕಪಾಟಲ್ರಿ. ಮ್ಯಾಲಿನ ಅರ್ಧ ನಿಮ್ಮ ಅಕ್ಕಾರ ಮನ್ಯಾಗ ಐತಿ."

"ಕಿತ್ತೂರ ಮನ್ಯಾಗ ಅದು ಪಡಸಾಲ್ಯಾಗ ಇತ್ತು, ಇದು ಒಳಗಿನ ಖೋಲ್ಯಾಗ. ನಾವು ಹುಟ್ಟಿದಾಗಿಂದ ಹಂಗ ನೋಡೇವಿ."

"ಕೂಡಿಸಾಕ ಗೂಟ ಇದ್ವು. ನಾನ ಕೊಯ್ದೇನ್ರಿ."

ಅವರು, "ಕೊಯ್ಯಂತ ಹೇಳಿದಾಕಿ ಅಕ್ಕ ಅಲ್ಲೇನು?" ಎಂದು ಅಲ್ಲಿಂದಲೇ ಅಕ್ಕನಿಗೆ ಫೋನು ಹಚ್ಚಿದರು. ಎಲ್ಲ ಕೇಳಿಸಿಕೊಂಡ ಅಕ್ಕ ನನ್ನನ್ನು ಕೇಳಿದ್ದು ಒಂದೇ: "ಮತ್ತ ಮಾಡಾಕ ಬರತೈತೇನ್ರಿ?"

"ಬರತೈತ್ರಿ."

ಆ ವಾರ ಮೊಬೈಲಿನಲ್ಲಿ ಅಂಥ ಕಪಾಟುಗಳ ಚಿತ್ರಗಳನ್ನು ಹುಡುಕಿದೆ. ಅಮೆರಿಕ ಸ್ವತಂತ್ರವಾದ ಹೊಸದರಲ್ಲಿ ಅಲ್ಲಿನ ಬಡಿಗರು ಗ್ರೀಕ್, ರೋಮನ್ ಕಟ್ಟಡಗಳ ಅಂದ ನೋಡಿ ಮಾಡಿದ ಮಾದರಿ ಅದು. ಕೆಳಗೆ ಬಟ್ಟೆ, ಮೇಲೆ ಗಾಜಿನೊಳಗೆ ಪುಸ್ತಕ, ಪಿಂಗಾಣಿ. ಎರಡು ತುಂಡಾಗಿ ಮಾಡಿ ಒಂದರ ಮೇಲೊಂದು ಕೂರಿಸುತ್ತಿದ್ದರು. ನೋಡುತ್ತ ಹೋದಂತೆ ನಾಚಿಕೆಯೂ ಆಯಿತು. ನನ್ನಂಥವನೇ ಯಾರೋ ಅಷ್ಟು ಜತನದಿಂದ ಮಾಡಿದ್ದನ್ನು ನಾನು ಎರಡೇ ನಿಮಿಷದಲ್ಲಿ ಕೊಯ್ದಿದ್ದೆ. ಹಳೆಯ ಸಾಗವಾನಿ ತುಂಡಿನಲ್ಲಿ ಹೊಸ ಗೂಟ ಕೆತ್ತಿದೆ.

ಕೌದಿ ಸುತ್ತಿದ ಗಾಜಿನ ಕಪಾಟು, ಅದರಿಂದ ತೆಗೆದ ಪುಸ್ತಕಗಳ ಗಂಟಿನೊಂದಿಗೆ ಅಕ್ಕ ಟೆಂಪೊದಲ್ಲಿ ರಾಮದುರ್ಗಕ್ಕೆ ಬಂದರು. ತಳಕ್ಕೆ ಹೊಸ ಗೂಟ ಕೂಡಿಸಿ, ನಾಲ್ವರು ಅದನ್ನು ಡ್ರಾವರಿನ ಪೆಟ್ಟಿಗೆಯ ಮೇಲೆ ಎತ್ತಿದೆವು. ಒಂದು ಗೂಟ ಇಳಿಯಿತು, ಇನ್ನೊಂದು ಇಳಿಯಲಿಲ್ಲ. ಇಷ್ಟು ವರ್ಷ ಬೇರೆ ಬೇರೆ ಮನೆಯ ಗಾಳಿಗೆ ಮರ ಕೊಂಚ ಬಾಗಿತ್ತು. ಕೆಳಗಿಳಿಸಿ ಹೆರೆದೆ, ಮತ್ತೆ ಹೆರೆದೆ. ಮೂರನೇ ಸಲಕ್ಕೆ ಕೂತಿತು. ಬಿಳಿ ಎಳೆ ಕೆಳಗಿನಿಂದ ಮೇಲಿನವರೆಗೆ ಒಂದೇ ಗೆರೆಯಾಯಿತು.

ತಂಗಿ ನಿಧಾನವಾಗಿ, "ನಿನ್ನ ಮನ್ಯಾಗ ಇರ್ಲಿ ಅಕ್ಕಾ. ನೀ ದೊಡ್ಡಾಕಿ" ಎಂದರು.

"ನಮ್ಮ ಮನಿ ಛತ್ತ ಗಿಡ್ಡ. ಇಲ್ಲೇ ಇರ್ಲಿ. ನನ್ನ ಪುಸ್ತಕ ಇದರಾಗ ಇಡತೇನಿ, ಓದಬೇಕನಿಸಿದಾಗ ಬರತೇನಿ."

"ಬಂದ್ರ ಲಗೂನ ಹೋಗಬ್ಯಾಡ ಮತ್ತ."

ತಂಗಿ ಪುಸ್ತಕಗಳನ್ನು ಒಂದೊಂದಾಗಿ ಒರೆಸಿ ಕೊಟ್ಟರು, ಅಕ್ಕ ಒಳಗಿಟ್ಟರು. ಟೆಂಪೊ ಸವದತ್ತಿಗೆ ಖಾಲಿ ಮರಳಿತು. ಅಕ್ಕ ನಾಲ್ಕು ದಿನ ಅಲ್ಲೇ ಉಳಿದರೆಂದು ಆಮೇಲೆ ತಂಗಿ ಫೋನಿನಲ್ಲಿ ಹೇಳಿದರು.